ಟ್ಯಾಂಪಾದ ಗ್ಯಾಸ್ಪರಿಲ್ಲಾ ಕಡಲ್ಗಳ್ಳರ ಹಬ್ಬ: ವಯಸ್ಸಾದವರು, ಮಗು ಜೊತೆಗಿದ್ದರೆ ಎಲ್ಲಿ ಕೂರಬೇಕು?

ಹೆಡ್‌ಬಂದರ್

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಕುಮಟಾದಿಂದ ನಾಲ್ಕು ಜನ ಅಮೆರಿಕದ ಟ್ಯಾಂಪಾಕ್ಕೆ, ತಮ್ಮನ ಮನೆಗೆ ಹೊರಟಿದ್ದೇವೆ. ತಿಂಗಳ ಕೊನೆಗೆ ಅಲ್ಲಿ ಗ್ಯಾಸ್ಪರಿಲ್ಲಾ ಎಂಬ ಕಡಲ್ಗಳ್ಳರ ಹಬ್ಬವಂತೆ. ಹಡಗಿನಲ್ಲಿ ಬಂದು ಊರನ್ನು ‘ವಶ’ ಮಾಡಿಕೊಂಡು ಮೆರವಣಿಗೆ ಹೊರಡುತ್ತಾರಂತೆ. ತಮ್ಮನೂ ಆ ಊರಿಗೆ ಹೊಸಬ, ಅವನಿಗೂ ಇಷ್ಟೇ ಗೊತ್ತು.

ನಮ್ಮ ಕಡೆಯ ಲೆಕ್ಕ ಹೀಗಿದೆ. ಅಪ್ಪಯ್ಯನಿಗೆ 72, ಮಂಡಿನೋವು, ಅರ್ಧ ತಾಸಿಗಿಂತ ಹೆಚ್ಚು ನಿಲ್ಲಲಾಗದು. ಆಯಿಗೆ 67, ಚೆನ್ನಾಗಿ ನಡೆಯುತ್ತಾರೆ, ನೂಕುನುಗ್ಗಲು ಮಾತ್ರ ಆಗದು. ಮಗಳಿಗೆ 6. ಮನೆಯಲ್ಲಿ ಮೀನು, ಮಾಂಸ ಇಲ್ಲ.

ಹಡಗು ನೋಡುವುದೋ ಮೆರವಣಿಗೆ ನೋಡುವುದೋ? ಎಷ್ಟು ಹೊತ್ತಿಗೆ ಹೋಗಬೇಕು, ಕಾರು ಎಲ್ಲಿ ಬಿಡಬೇಕು? ಇನ್ನೊಂದು: ಮಗಳು ಶಿರಸಿಯ ಬೇಡರ ವೇಷದ ಫೋಟೋ ನೋಡಿ, ಬೆನ್ನಿಗೆ ನವಿಲುಗರಿ ಕಟ್ಟಿಕೊಂಡೇ ಹೋಗುವುದು ಎಂದು ಕೂತಿದ್ದಾಳೆ. ಗರಿ, ಮರದ ಕತ್ತಿ ಇಲ್ಲಿಂದ ಒಯ್ಯಬಹುದೇ? ತಿಳಿದವರು ಹೇಳಿ.

ಕೋಡಿಬಾಗ

ಮೊದಲು ತಾರೀಕು. ರೂಢಿಯಲ್ಲಿ ಜನವರಿಯ ಕೊನೆಯ ಶನಿವಾರ. 2024ರಲ್ಲಿ 27, 2025ರಲ್ಲಿ 25 ಆಗಿತ್ತು. ನೀವು ಇಳಿಯುವುದು ಅದಕ್ಕೆ ಒಂದು ವಾರವಾದರೂ ಮೊದಲು ಇರಲಿ. ಜನವರಿಯಲ್ಲಿ ಟ್ಯಾಂಪಾ ನಮಗಿಂತ ಹತ್ತೂವರೆ ತಾಸು ಹಿಂದೆ. ಮೆರವಣಿಗೆ ಹೊರಡುವ ಮಧ್ಯಾಹ್ನ 2 ಗಂಟೆ ಅಂದರೆ ಕುಮಟಾದಲ್ಲಿ ನಡುರಾತ್ರಿ ಹನ್ನೆರಡೂವರೆ. ಇಳಿದ ಎರಡನೇ ದಿನಕ್ಕೇ ಕರೆದೊಯ್ದರೆ ಅಪ್ಪಯ್ಯ ಮೆರವಣಿಗೆಯ ಎದುರಿಗೇ ತೂಕಡಿಸುತ್ತಾರೆ, ಮಗು ಅಳುತ್ತದೆ.

ಆ ಶನಿವಾರ ನಡೆಯುವುದು ಎರಡು ಕಾರ್ಯಕ್ರಮ, ಎರಡಕ್ಕೂ ಜಾಗ ಬೇರೆ. ಇದು ಗೊತ್ತಿಲ್ಲದೆ ಹೋದವರು ಮಧ್ಯಾಹ್ನವೆಲ್ಲ ಜನರ ನಡುವೆ ದಾರಿ ಮಾಡಿಕೊಳ್ಳುವುದರಲ್ಲೇ ಕಳೆಯುತ್ತಾರೆ.

ಬೆಳಿಗ್ಗೆಯದು ಹಡಗು. ‘ಹೊಸೇ ಗ್ಯಾಸ್ಪರಿಲ್ಲಾ’ ಅದರ ಹೆಸರು. 165 ಅಡಿ ಉದ್ದ, 35 ಅಡಿ ಅಗಲ, ನೂರಡಿ ಎತ್ತರದ ಮೂರು ಹಾಯಿಕಂಬ. ಹಳೇ ಕಾಲದ್ದಂತೆ ಕಂಡರೂ 1954ರಲ್ಲಿ ಕಟ್ಟಿದ ಉಕ್ಕಿನ ಬಾರ್ಜು (ಚಪ್ಪಟೆ ತಳದ ದೋಣಿ). ಎಂಜಿನ್ ಇಲ್ಲ, ಟಗ್ ಬೋಟುಗಳು ಎಳೆದು ತಳ್ಳಿ ತರುತ್ತವೆ. ಹನ್ನೊಂದೂವರೆಯ ಸುಮಾರಿಗೆ ಹಿಲ್ಸ್‌ಬರೋ ಕೊಲ್ಲಿಯ ದಕ್ಷಿಣ ಭಾಗದಿಂದ ಹೊರಟು, ಸುತ್ತ ನೂರಾರು ಖಾಸಗಿ ದೋಣಿಗಳನ್ನು ಕಟ್ಟಿಕೊಂಡು, ಡೇವಿಸ್ ಐಲೆಂಡ್ಸ್ ಮತ್ತು ಹಾರ್ಬರ್ ಐಲೆಂಡ್ ನಡುವಿನ ಸೆಡನ್ ಕಾಲುವೆ ಹಾಯ್ದು, ಒಂದು ಗಂಟೆ ಸುಮಾರಿಗೆ ಪೇಟೆಯ ಕನ್ವೆನ್ಷನ್ ಸೆಂಟರ್ ಧಕ್ಕೆಗೆ ಬರುತ್ತದೆ. ಅಲ್ಲಿ ಮೇಯರ್ ಊರಿನ ಕೀಲಿಕೈ ಒಪ್ಪಿಸುವ ನಾಟಕ.

ಮಧ್ಯಾಹ್ನದ್ದು ಮೆರವಣಿಗೆ. 2 ಗಂಟೆಗೆ ಬೇ ಟು ಬೇ ರಸ್ತೆ ಬೇಶೋರ್ ಬೊಲೆವಾರ್ಡ್‌ಗೆ ಸೇರುವಲ್ಲಿ ಶುರು. ಕೊಲ್ಲಿಯ ದಂಡೆಗುಂಟ ಉತ್ತರಕ್ಕೆ ಸಾಗಿ, ಪೇಟೆಯೊಳಗೆ ಆಶ್ಲಿ ಡ್ರೈವ್ ಹಿಡಿದು, ಕ್ಯಾಸ್ ಸ್ಟ್ರೀಟ್ ಹತ್ತಿರ ಮುಕ್ತಾಯ. ಒಟ್ಟು ನಾಲ್ಕೂವರೆ ಮೈಲಿ, ಅಂದರೆ 7 ಕಿಲೋಮೀಟರಿಗೆ ಚೂರು ಹೆಚ್ಚು. ನೂರಕ್ಕೂ ಮಿಕ್ಕಿ ಫ್ಲೋಟುಗಳು, ಅಂದರೆ ಅಲಂಕರಿಸಿದ ಮೆರವಣಿಗೆ ಗಾಡಿಗಳು, ಇರುತ್ತವೆ. ಮುಗಿಯುವಾಗ ಸಂಜೆ 6, ಸೂರ್ಯ ಮುಳುಗುವ ಹೊತ್ತೂ ಅದೇ.

ಈಗ ನಿಮ್ಮ ಪ್ರಶ್ನೆ. ಹಡಗು ಧಕ್ಕೆಗೆ ತಾಗುವುದನ್ನು ಹತ್ತಿರದಿಂದ ನೋಡುವ ಆಸೆ ಬಿಡಿ. ಕನ್ವೆನ್ಷನ್ ಸೆಂಟರ್ ಎದುರಿನ ನದಿದಂಡೆ ಇಡೀ ಹಬ್ಬದಲ್ಲೇ ಅತಿ ಇಕ್ಕಟ್ಟಿನ ಜಾಗ, ಕೂರುವ ಮಾತೇ ಇಲ್ಲ. ಅದರ ಬದಲು ಬೇಶೋರ್‌ನ ನೀರಿನ ಬದಿಯ ಕಾಲುದಾರಿ ಹಿಡಿಯಿರಿ. ಕಾಂಕ್ರೀಟ್ ಕಟಾಂಜನ ಉದ್ದಕ್ಕೂ ಇದೆ, ಅದಕ್ಕೆ ತಾಗಿ ನಿಂತರೆ ಹಡಗು ಕೊಲ್ಲಿಯಲ್ಲಿ ಸಾಗುವುದು ಪೂರ್ವಕ್ಕೆ ಕಾಣುತ್ತದೆ. ದೂರ ಹೌದು, ಆದರೆ ಹಾಯಿಕಂಬ, ಬಾವುಟ, ಸುತ್ತಲಿನ ದೋಣಿಗಳ ಹಿಂಡು ಎಲ್ಲ ಒಟ್ಟಿಗೆ ಕಣ್ಣಿಗೆ ಸಿಗುವುದು ದೂರದಿಂದಲೇ. ಹಡಗು ದಾಟಿದ ಮೇಲೆ ಅದೇ ಜಾಗದಲ್ಲಿ ಕುರ್ಚಿ ತಿರುಗಿಸಿ ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ಮೆರವಣಿಗೆ. ಒಂದು ಹೆಜ್ಜೆಯೂ ನಡೆಯಬೇಕಾಗಿಲ್ಲ.

ಇದರಲ್ಲಿ ಒಂದೇ ತೊಂದರೆ: ಮೂರು ಗಂಟೆ ಮೇಲೆ ಬಿಸಿಲು ನೇರ ಮುಖಕ್ಕೆ. ಟೊಪ್ಪಿ, ತಂಪು ಕನ್ನಡಕ ಬೇಕೇ ಬೇಕು. ಮನೆಗಳಿರುವ ಎದುರು ಬದಿಯಲ್ಲಿ ಬಿಸಿಲು ಬೆನ್ನಿಗೆ, ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಅಲ್ಲಿಂದ ಹಡಗು ಕಾಣದು. ಮೆರವಣಿಗೆ ಶುರುವಾದ ಮೇಲೆ ಬದಿ ಬದಲಿಸಲು ಆಗುವುದಿಲ್ಲ. ಬೆಳಿಗ್ಗೆಯೇ ತೀರ್ಮಾನ ಮಾಡಿ ಕೂರಬೇಕು.

ಬೇಶೋರ್‌ನಲ್ಲಿ ಬೆಳಿಗ್ಗೆಯಿಂದಲೇ ವಾಹನ ಬಂದ್. ಹತ್ತರೊಳಗೆ ಜಾಗ ಹಿಡಿದರೆ ಮುಂದಿನ ಸಾಲು.

ಬಿಡಕಿಬೈಲು

ವೇಷದ ಬಗ್ಗೆ ಮಾತ್ರ ಹೇಳುತ್ತೇನೆ.

ನವಿಲುಗರಿ ಒಯ್ಯಬೇಡಿ. ಊರಲ್ಲಿ ಇಟ್ಟುಕೊಳ್ಳುವುದು ಬೇರೆ, ದೇಶದ ಹೊರಗೆ ಸಾಗಿಸುವುದು ಬೇರೆ. ನವಿಲಿನ ಬಾಲದ ಗರಿ, ಅದರಿಂದ ಮಾಡಿದ ಬೀಸಣಿಗೆ, ಅಲಂಕಾರದ ಸಾಮಾನು ಯಾವುದರ ರಫ್ತಿಗೂ ಭಾರತದಲ್ಲಿ ನಿಷೇಧ ಇದೆ. ‘ಬಿದ್ದ ಗರಿ ಹೆಕ್ಕಿದ್ದು’ ಎಂಬ ಸಬೂಬು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಅಡಿಕೆ ಹಾಳೆಯ ಟೊಪ್ಪಿಯ ಯೋಚನೆ ಬಂದರೆ ಅದೂ ಬೇಡ. ಗಿಡದಿಂದ ಬಂದ ವಸ್ತು ಎಂದು ಅಮೆರಿಕದಲ್ಲಿ ಇಳಿದ ಕೂಡಲೇ ಘೋಷಿಸಬೇಕು, ಹುಳ ಕಂಡರೆ ಅಲ್ಲೇ ಕಸಿದುಕೊಳ್ಳುತ್ತಾರೆ. ಮರದ ಕತ್ತಿಗೂ ಇದೇ ತಲೆನೋವು. ಪ್ಲಾಸ್ಟಿಕ್ ಕತ್ತಿಯನ್ನೂ ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ಆಟಿಕೆಯನ್ನೂ ತಡೆಯಬಹುದು. ಹಬ್ಬಕ್ಕೆ ಮೊದಲಿನ ಎರಡು ವಾರ ಟ್ಯಾಂಪಾದ ಯಾವ ಅಂಗಡಿಗೆ ಹೋದರೂ ಕತ್ತಿ, ಕಣ್ಣುಪಟ್ಟಿ, ತಲೆಬುರುಡೆ ಬಾವುಟ ರಾಶಿ ಹಾಕಿರುತ್ತಾರೆ.

ಗರಿ ಬೇಕೇ ಅಂದರೆ ಕಾಗದದಲ್ಲಿ ಮಾಡಿ. ಆರು ವರ್ಷದ ಮಗುವಿಗೆ 12 ಗರಿ ಸಾಕು. ನೀಲಿ ಎರಡು, ಹಸಿರು ಎರಡು ಚಾರ್ಟ್ ಶೀಟು. ಒಂದೊಂದು ಗರಿ 30 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ. ನಡುದಂಟಿಗೆ ಕಾಗದದ ಸ್ಟ್ರಾ ಅಂಟಿಸಿ. ಹಿಡಿಕಡ್ಡಿ ಹಾಕಬೇಡಿ, ಗದ್ದಲದಲ್ಲಿ ಹಿಂದಿದ್ದವರ ಕಣ್ಣಿಗೆ ಚುಚ್ಚುತ್ತದೆ. ರಟ್ಟನ್ನು 20 ಸೆಂಟಿಮೀಟರ್ ಅಗಲದ ಅರ್ಧಚಂದ್ರವಾಗಿ ಕತ್ತರಿಸಿ ಅದರ ಅಂಚಿಗೆ ಗರಿಗಳನ್ನು ಬೀಸಣಿಗೆಯಂತೆ ಅಂಟಿಸಿ. ರಟ್ಟಿಗೆ ನಾಲ್ಕು ತೂತು ಕೊರೆದು, ಎಲಾಸ್ಟಿಕ್ ಪಟ್ಟಿ ಪೋಣಿಸಿ, ಶಾಲೆ ಚೀಲದಂತೆ ಎರಡೂ ಹೆಗಲಿಗೆ ಹಾಕಿ.

ಇದಕ್ಕಿಂತ ದೊಡ್ಡದು ಮಾಡಬೇಡಿ. ಬೇಶೋರ್ ಪೂರ್ತಿ ಕೊಲ್ಲಿಗೆ ತೆರೆದ ದಂಡೆ, ಗಾಳಿ ಬಂದರೆ ದೊಡ್ಡ ಬೀಸಣಿಗೆ ಹಾಯಿಯ ಹಾಗೆ ಹಿಡಿದು ಮಗುವನ್ನೇ ತಿರುಗಿಸುತ್ತದೆ. ಶಿರಸಿಯಲ್ಲಿ ಬೇಡನ ಸೊಂಟದ ಹಗ್ಗ ಹಿಡಿದು ಹಿಂದೆ ಇಬ್ಬರು ಇರುತ್ತಾರೆ, ಇಲ್ಲಿ ಹಿಡಿಯುವವರು ಯಾರು!

ಕಣ್ಣುಪಟ್ಟಿಯನ್ನು ಫೋಟೋಕ್ಕೆ ಮಾತ್ರ ಹಾಕಿ, ತೆಗೆದು ಕಿಸೆಗೆ ಹಾಕಿ. ಒಂದೇ ಕಣ್ಣಿನಲ್ಲಿ ಆಳ ಗೊತ್ತಾಗುವುದಿಲ್ಲ, ಕಾಲುದಾರಿಯ ಅಂಚಿನಲ್ಲಿ ಎಡವುವುದು ಇದರಿಂದಲೇ. ಫ್ಲೋಟಿನ ಮೇಲಿಂದ ಜನರತ್ತ ಎಸೆಯುವ ಮಣಿಸರವನ್ನು ಹಿಡಿಯಲೂ ಬರುವುದಿಲ್ಲ. ದೊಡ್ಡವರಿಗೆ ಕೆಂಪು ಶಾಲು ಸೊಂಟಕ್ಕೆ ಸುತ್ತಿ, ತಲೆಗೊಂದು ಪಂಚೆ ತುಂಡು ಕಟ್ಟಿದರೆ ವೇಷ ಮುಗಿಯಿತು. ಕುಮಟಾ ಪೇಟೆಯಲ್ಲೇ ಸಿಗುತ್ತದೆ.

ಹೊನ್ನಾವರ_ಅಳಿವೆ

ಪ್ರಶ್ನೆಗೆ ನೇರ ಉತ್ತರ ಅಲ್ಲ. ಆದರೆ ಮಗು ‘ಆ ಕಳ್ಳ ಯಾರು’ ಎಂದು ಕೇಳಿಯೇ ಕೇಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಹೊಸೇ ಗ್ಯಾಸ್ಪರ್ ಎಂಬ ಕಡಲ್ಗಳ್ಳ ಇರಲೇ ಇಲ್ಲ. ಸ್ಪೇನ್ ನೌಕಾಪಡೆಯ ಅಧಿಕಾರಿಯಾಗಿದ್ದು ತಿರುಗಿಬಿದ್ದವ, ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಹಡಗು ದೋಚಿದವ ಎಂಬುದು ಕಥೆ. ಸ್ಪೇನ್‌ನ ದಾಖಲೆಯಲ್ಲೂ ಇಲ್ಲ, ಅಮೆರಿಕದ ದಾಖಲೆಯಲ್ಲೂ ಇಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಷಾರ್ಲಟ್ ಹಾರ್ಬರ್ ಅಂಡ್ ನಾರ್ದರ್ನ್ ಎಂಬ ರೈಲ್ವೆ ಕಂಪನಿ, ಫ್ಲಾರಿಡಾದ ಬೋಕಾ ಗ್ರಾಂಡೆ ಎಂಬ ಊರಿಗೆ ಪ್ರವಾಸಿಗರನ್ನು ಸೆಳೆಯಲು ಹಂಚಿದ ಜಾಹೀರಾತು ಪುಸ್ತಿಕೆಯಿಂದ ಈ ಕಥೆ ಹರಡಿತು. ಟ್ಯಾಂಪಾದಲ್ಲಿ ಹಬ್ಬ ಶುರುವಾದದ್ದು 1904ರಲ್ಲಿ. ಪತ್ರಿಕೆಯಲ್ಲಿ ಸಮಾಜ ಸುದ್ದಿ ನೋಡಿಕೊಳ್ಳುತ್ತಿದ್ದ ಲೂಯಿಸ್ ಫ್ರಾನ್ಸಿಸ್ ಡಾಜ್ ಮತ್ತು ನ್ಯೂ ಆರ್ಲಿಯನ್ಸ್‌ನ ಮಾರ್ಡಿ ಗ್ರಾ ಎಂಬ ವೇಷದ ಹಬ್ಬ ಬಲ್ಲ ಜಾರ್ಜ್ ಹಾರ್ಡೀ ಇಬ್ಬರ ತಲೆಯಿಂದ ಬಂದದ್ದು. ಮೊದಲ ವರ್ಷ ಹಡಗೇ ಇರಲಿಲ್ಲ, ಕಳ್ಳರು ಕುದುರೆ ಏರಿ ಬಂದರು! ವೇಷ ಕಟ್ಟುವ ಮಂಡಳಿಗಳಿಗೆ ‘ಕ್ರೂ’ ಎನ್ನುವುದು, ಮಣಿಸರ ಎಸೆಯುವುದು ಎರಡೂ ಮಾರ್ಡಿ ಗ್ರಾದಿಂದಲೇ ಬಂದ ರೂಢಿ.

ಈ ಮೆರವಣಿಗೆ ನಡೆಸುವ ಹಳೇ ಮಂಡಳಿಯ ಮೇಲೆ ಒಂದು ಕಲೆಯೂ ಇದೆ. ಬಹುಕಾಲ ಅದರಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ. 1991ರಲ್ಲಿ ಟ್ಯಾಂಪಾದಲ್ಲಿ ಸೂಪರ್ ಬೌಲ್ (ಅಮೆರಿಕನ್ ಫುಟ್ಬಾಲಿನ ಫೈನಲ್) ಇದ್ದ ವರ್ಷ ಇದು ದೊಡ್ಡ ಗಲಾಟೆಯಾಯಿತು. ಮಂಡಳಿ ಬಾಗಿಲು ತೆರೆಯುವ ಬದಲು ಮೆರವಣಿಗೆಯನ್ನೇ ಕೈಬಿಟ್ಟಿತು. ಊರಿನವರು ‘ಬಾಂಬೋಲಿಯೋ’ ಎಂಬ ಬೇರೆ ಹಬ್ಬ ಮಾಡಿದರು. ಆಮೇಲೆ ಮಂಡಳಿ ನಿಯಮ ಬದಲಿಸಿ ಕಪ್ಪು ಸದಸ್ಯರನ್ನು ಸೇರಿಸಿಕೊಂಡು ಮರಳಿತು. ಇಂದು ಐವತ್ತಕ್ಕೂ ಹೆಚ್ಚು ಕ್ರೂಗಳಿವೆ. ಹೆಂಗಸರದ್ದೇ, ಬೇರೆ ಬೇರೆ ಸಮುದಾಯದವರದ್ದೇ ಕ್ರೂಗಳು ಮೆರವಣಿಗೆಯಲ್ಲಿ ಕಾಣುವುದಕ್ಕೆ ಹಿಂದಿನ ಕಾರಣ ಇದು.

ಇನ್ನು ಕಡಲ್ಗಳ್ಳ ಎನಿಸಿಕೊಂಡ ನಮ್ಮ ಹೊನ್ನಾವರದ ತಿಮ್ಮೋಜ. ಅವನು ಕಥೆಯವನಲ್ಲ. 1498ರಲ್ಲಿ ವಾಸ್ಕೋ ಡ ಗಾಮಾ ಅಂಜದೀವದಲ್ಲಿ ಲಂಗರು ಹಾಕಿದಾಗ ಅವನ ದೋಣಿಗಳು ಹತ್ತಿರ ಸುಳಿದದ್ದನ್ನು, 1510ರಲ್ಲಿ ಗೋವಾ ಹಿಡಿಯಲು ಅವನು ಪೋರ್ಚುಗೀಸ್ ನಾಯಕ ಅಲ್ಬುಕರ್ಕನಿಗೆ ನೆರವಾದದ್ದನ್ನು ಪೋರ್ಚುಗೀಸರೇ ಬರೆದಿಟ್ಟಿದ್ದಾರೆ. ಅಂಜದೀವ ಕಾರವಾರದ ದಂಡೆಯಿಂದ ಕಾಣುವ ದ್ವೀಪ. ಇಲ್ಲದ ಕಳ್ಳನಿಗೆ ಅಲ್ಲಿ ಮೂರು ಲಕ್ಷ ಜನ ಸೇರುತ್ತಾರೆ, ಇದ್ದವನಿಗೆ ನಮ್ಮಲ್ಲಿ ಒಂದು ಫಲಕವೂ ಕಣ್ಣಿಗೆ ಬೀಳದು.

ಕೋಡಿಬಾಗ

ಅಳಿವೆಯವರೇ, ತಿಮ್ಮೋಜನನ್ನು ಕಡಲ್ಗಳ್ಳ ಎಂದು ಕರೆದವರೂ ಪೋರ್ಚುಗೀಸರೇ ಅಲ್ಲವೇ? ಅವರ ದಾರಿಗೆ ಅಡ್ಡ ಬಂದಾಗ ಕಳ್ಳ, ಗೋವಾ ತೋರಿಸಿದಾಗ ಮಿತ್ರ. ವಿಜಯನಗರದ ಕಡೆಯಿಂದ ನೋಡಿದರೆ ಅವನು ಕಡಲ ಮೇಲೆ ಪಡೆ ಇಟ್ಟುಕೊಂಡಿದ್ದ ನಾಯಕ. ಅವನನ್ನು ಗ್ಯಾಸ್ಪರ್ ಪಕ್ಕ ನಿಲ್ಲಿಸಬೇಡಿ. ಇದಕ್ಕೆ ಬೇರೆ ಚರ್ಚೆ ತೆರೆಯೋಣ.

ಅಂಕೋಲಾ_ಅಕ್ಕ

ಹೆಡ್‌ಬಂದರ್ ತಮ್ಮಾ, ಆರು ವರ್ಷದ ಮಗು ಇದೆ ಅಂದರೆ ದೊಡ್ಡ ಮೆರವಣಿಗೆಗಿಂತ ಮೊದಲು ಮಕ್ಕಳ ಗ್ಯಾಸ್ಪರಿಲ್ಲಾ ನೋಡಿ. ಅದು ಒಂದು ವಾರ ಮೊದಲಿನ ಶನಿವಾರ. ಅದೇ ಬೇಶೋರ್, ಅದೇ ಫ್ಲೋಟುಗಳಲ್ಲಿ ಬಹಳಷ್ಟು, ಅದೇ ಮಣಿಸರ. ಮದ್ಯ ಪೂರ್ತಿ ನಿಷಿದ್ಧ. ದೊಡ್ಡ ದಿನ ಹಾಗಲ್ಲ: ಗೊತ್ತುಮಾಡಿದ ಪ್ರದೇಶದೊಳಗೆ 21 ದಾಟಿದವರು ಬೀದಿಯಲ್ಲೇ ಕುಡಿಯಬಹುದು, ಮೂರು ಗಂಟೆ ಹೊತ್ತಿಗೆ ಕೆಲವರ ಕಾಲು ನೆಲದ ಮೇಲಿರುವುದಿಲ್ಲ. ಮಕ್ಕಳ ದಿನ ಪುಟಾಣಿಗಳು ಗಾಡಿಗಳಲ್ಲಿ, ತ್ರಿಚಕ್ರದಲ್ಲಿ ಹೋಗುವ ಸಾಲು ಬೇರೆ ಇರುತ್ತದೆ, ಸಂಜೆ ಕೊಲ್ಲಿಯ ಮೇಲೆ ಸಿಡಿಮದ್ದು. ಗರಿ ಕಟ್ಟಿಕೊಂಡ ನಿಮ್ಮ ಮಗಳ ವೇಷಕ್ಕೆ ಅದೇ ತಕ್ಕ ದಿನ.

ಮಣಿಸರ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಫ್ಲೋಟಿನ ಮೇಲಿದ್ದವರ ಕಣ್ಣಿಗೆ ಕಣ್ಣು ಸೇರಿಸಿ ಎರಡೂ ಕೈ ಎತ್ತಿದರೆ ಅವರು ನಿಮಗೇ ಎಸೆಯುತ್ತಾರೆ. ಬೇರೆ ಕಡೆ ನೋಡುತ್ತಿದ್ದರೆ ಅದೇ ಸರ ಮುಖಕ್ಕೆ ಬಡಿಯುತ್ತದೆ, ಒಂದೊಂದು ಗೊಂಚಲಾಗಿ ಬರುವುದರಿಂದ ಪೆಟ್ಟು ಚೆನ್ನಾಗಿಯೇ ಬೀಳುತ್ತದೆ. ಕನ್ನಡಕ ಇದ್ದವರು ತೆಗೆಯಬೇಡಿ. ಫೋನ್ ಮೇಲೆತ್ತಿ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಕೆಳಗೆ ಬಿದ್ದದ್ದನ್ನು ಹೆಕ್ಕುವಾಗ ಮೊದಲು ಕಾಲಿನಿಂದ ಮೆಟ್ಟಿ ಹಿಡಿದುಕೊಳ್ಳಿ, ಆಮೇಲೆ ಬಗ್ಗಿ. ಕೈ ಮೊದಲು ಹೋದರೆ ಬೆರಳ ಮೇಲೆ ಯಾರದೋ ಬೂಟು.

ಬೇಲಿಯ ಆಚೆ ಬಿದ್ದ ಸರ ಬಿದ್ದದ್ದೇ. ಇದನ್ನು ಮಗುವಿಗೆ ಮನೆಯಲ್ಲೇ ಹೇಳಿ ಹೊರಡಿಸಿ. ಫ್ಲೋಟ್ ಎಳೆಯುವ ಗಾಡಿಯವನಿಗೆ ಚಕ್ರದ ಪಕ್ಕ ನುಸುಳಿದ ಮಗು ಕಾಣುವುದಿಲ್ಲ. ತೇರಿನ ಗಾಲಿಯ ಹತ್ತಿರ ಮಕ್ಕಳನ್ನು ಬಿಡುತ್ತೇವೆಯೇ? ಅದೇ ಲೆಕ್ಕ.

ಶಬ್ದ ಇನ್ನೊಂದು. ಹಡಗಿನಿಂದ ತೋಪು ಹಾರಿಸುತ್ತಾರೆ, ಮೆರವಣಿಗೆಯ ಕಳ್ಳರು ಬರೀ ಮದ್ದು ತುಂಬಿದ ಪಿಸ್ತೂಲು ಸಿಡಿಸುತ್ತಾರೆ. ಗುಂಡು ಇರುವುದಿಲ್ಲ, ಸದ್ದು ಮಾತ್ರ ಅಸಲಿ. ಮಗುವಿಗೆ ಕಿವಿಗೆ ಹಾಕುವ ಮಫ್ ಕೊಳ್ಳಿ. ಅಪ್ಪಯ್ಯ ಶ್ರವಣಯಂತ್ರ ಹಾಕುವವರಾದರೆ ಸದ್ದು ಇಳಿಸಿಕೊಳ್ಳಲು ಹೇಳಿ.

ಊಟ. ಬೀದಿಯ ಗಾಡಿಗಳನ್ನು ನಂಬಿ ಹೋಗಬೇಡಿ. ಟ್ಯಾಂಪಾದ ಹೆಸರುವಾಸಿ ತಿಂಡಿ ಕ್ಯೂಬನ್ ಸ್ಯಾಂಡ್‌ವಿಚ್, ಅದರೊಳಗೆ ಹಂದಿಮಾಂಸ ಎರಡು ಬಗೆಯದ್ದು, ಮೇಲೆ ಸಲಾಮಿ. ಇನ್ನೊಂದು ‘ಡೆವಿಲ್ ಕ್ರ್ಯಾಬ್’, ಹೆಸರೇ ಹೇಳುವಂತೆ ಏಡಿ. ಕಪ್ಪು ಬೀನ್ಸ್ ಕಾಳು, ಹಳದಿ ಅನ್ನ ಕಂಡು ಸಸ್ಯಾಹಾರ ಅಂದುಕೊಳ್ಳುತ್ತಾರೆ. ಕಾಳು ಬೇಯಿಸುವಾಗ ಮಾಂಸ ಹಾಕುವ ಪದ್ಧತಿ ಇದೆ, ಕೇಳಿಯೇ ತಿನ್ನಿ. ಆಲೂ ಫ್ರೈ ಸಿಗುತ್ತದೆ, ಎಣ್ಣೆ ಯಾವುದಕ್ಕೆಲ್ಲ ಬಳಸಿದ್ದು ಎಂದು ಕೇಳಿಕೊಳ್ಳುವವರು ಕೇಳಿಕೊಳ್ಳಿ. ನಾನಾದರೆ ಅವಲಕ್ಕಿ ಹೇಳುತ್ತೇನೆ. ದಪ್ಪ ಅವಲಕ್ಕಿಯ ಒಗ್ಗರಣೆ ಆರು ತಾಸು ಕೆಡುವುದಿಲ್ಲ, ಚಮಚ ಬೇಡ, ಚೆಲ್ಲುವುದಿಲ್ಲ. ಕಾಯಿತುರಿ ಹಾಕಬೇಡಿ, ಬಿಸಿಲಿಗೆ ಹಳಸುತ್ತದೆ. ಒಬ್ಬರಿಗೆ ಒಂದು ಲೀಟರ್ ನೀರು.

ಬಟ್ಟೆ ಎರಡು ಪದರ. ಹಗಲು 20–22 ಡಿಗ್ರಿ, ಹಿತವಾಗಿರುತ್ತದೆ. ಉತ್ತರದ ಗಾಳಿ ಬೀಸಿದ ದಿನ ಸಂಜೆ ಐದರ ಮೇಲೆ ದಂಡೆಯಲ್ಲಿ ಕುಮಟಾದವರಿಗೆ ಚಳಿಯೇ.

ಹೆಗಡೆಕಟ್ಟಾ

ಕೋಡಿಬಾಗದವರ ‘ಒಂದೇ ಜಾಗ’ದ ಸಲಹೆ ಗಟ್ಟಿ ಕಾಲಿನವರಿಗೆ ಸರಿ. 72 ವರ್ಷದ ಮಂಡಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಹತ್ತಕ್ಕೆ ಜಾಗ ಹಿಡಿದು ಆರಕ್ಕೆ ಎದ್ದರೆ ಎಂಟು ತಾಸು. ರಸ್ತೆ ಬಂದ್ ಆದ ಮೇಲೆ ಬೇಶೋರ್ ನಡುವಿನಿಂದ ಹೊರಬರಬೇಕಾದರೆ ಒಂದೆರಡು ಕಿಲೋಮೀಟರ್ ನಡೆಯಲೇಬೇಕು, ಆಟೋ ಕರೆಯುವ ಊರಲ್ಲ ಅದು. ಶೌಚಕ್ಕೆ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಗೂಡುಗಳು. ಬೆಳಿಗ್ಗೆ ಸರಿ ಇರುತ್ತವೆ, ಮೂರರ ಮೇಲೆ ಉದ್ದ ಸಾಲು, ಒಳಗಿನ ಸ್ಥಿತಿ ಹೇಳುವಂತಿಲ್ಲ.

ಪೇಟೆಯ ಕಡೆಯ ತುದಿ ನೋಡಿ. ಮೆರವಣಿಗೆ ಹೊರಡುವುದು 2 ಗಂಟೆಗೆ. ಗಂಟೆಗೆ ಎರಡೂವರೆ ಮೈಲಿ ನಡಿಗೆ ಎಂದರೂ ತಲೆಭಾಗ ಆಶ್ಲಿ ಡ್ರೈವ್ ಮುಟ್ಟುವಾಗ ಮೂರೂಮುಕ್ಕಾಲು. ಅಂದರೆ ಮನೆಯಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಮೂರು ಗಂಟೆಗೆ ಬಂದು ಕೂತರೂ ಮೊದಲಿನಿಂದ ಕಾಣುತ್ತದೆ. ಮೆಟ್ಟಿಲಿನಂತಹ ಆಸನಗಳಿಗೆ ಟಿಕೆಟ್ ಮಾರುತ್ತಾರೆ, ಬೇಶೋರ್‌ನಲ್ಲೂ ಪೇಟೆಯಲ್ಲೂ. ಅದಕ್ಕೆ ಹಣ ಕೊಡುವುದು ಇಂಥ ಸಂದರ್ಭಕ್ಕೇ. ಕೊಳ್ಳುವಾಗ ಕೆಳಗಿನ ಸಾಲು ಕೇಳಿ, ಮೇಲಿನ ಸಾಲಿಗೆ ಕೈಹಿಡಿ ಇಲ್ಲದೆ ಹತ್ತುವುದು ಮಂಡಿಗೆ ಕಷ್ಟ.

ಇಲ್ಲಿಯ ಲೋಪ ಎಂದರೆ, ಮಣಿಸರ ಕೆಲವು ಫ್ಲೋಟುಗಳಲ್ಲಿ ಆಗಲೇ ಮುಗಿದಿರುತ್ತದೆ. ದಕ್ಷಿಣ ತುದಿಯಲ್ಲಿ ಕೈ ಬಿಚ್ಚಿ ಎಸೆದವರು ಇಲ್ಲಿ ಬರೀ ಕೈ ಬೀಸುತ್ತಾರೆ. ಇನ್ನು ಕೆಲವರು ಉಳಿದದ್ದನ್ನೆಲ್ಲ ಇಲ್ಲೇ ಸುರಿಯುತ್ತಾರೆ. ಅದೃಷ್ಟ.

ಕಾರನ್ನು ಪೇಟೆಯ ಹತ್ತಿರದ ಈಬೋರ್ ಸಿಟಿ ಬಡಾವಣೆಯ ಪಾರ್ಕಿಂಗ್ ಕಟ್ಟಡದಲ್ಲಿ ಬಿಟ್ಟು ಟ್ರಾಮ್ ಹಿಡಿಯಿರಿ. ಅಲ್ಲಿಂದ ಕನ್ವೆನ್ಷನ್ ಸೆಂಟರ್ ಕಡೆಗೆ ಹೋಗುವ ಹಳದಿ ಟ್ರಾಮ್‌ಗೆ 2018ರಿಂದ ಟಿಕೆಟ್ ಇಲ್ಲ. ಹೋಗುವಾಗ ಈಬೋರ್‌ನ ಮೊದಲ ನಿಲ್ದಾಣದಲ್ಲೇ ಹತ್ತಿ, ನಡುವೆ ಹತ್ತುವವರಿಗೆ ಕೂರಲು ಸಿಗದು. ಬರುವಾಗ ಆರು ಗಂಟೆಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ನೀವು ಐದೂಕಾಲಕ್ಕೇ ಏಳಿ. ಕೊನೆಯ ಕೆಲವು ಫ್ಲೋಟಿಗಾಗಿ ಒಂದೂವರೆ ತಾಸು ಸಾಲಿನಲ್ಲಿ ನಿಲ್ಲುವುದು ಯಾಕೆ?

ಹೆಡ್‌ಬಂದರ್

ತುಂಬಾ ಉಪಕಾರವಾಯಿತು. ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ: ಮಕ್ಕಳ ದಿನ ಎಲ್ಲರೂ ಬೇಶೋರ್‌ಗೆ, ದೊಡ್ಡ ದಿನ ಪೇಟೆಯಲ್ಲಿ ಆಸನದ ಟಿಕೆಟ್, ನವಿಲುಗರಿ ಕಾಗದದ್ದು. ಹಡಗನ್ನು ಅಪ್ಪಯ್ಯ ನೋಡಲೇಬೇಕು ಅನ್ನುತ್ತಾರೆ, ಅದೊಂದು ಬಾಕಿ. ಇನ್ನೊಂದು ಪ್ರಶ್ನೆ, ಆ ಮಣಿಸರಗಳನ್ನು ಆಮೇಲೆ ಏನು ಮಾಡುವುದು? ಆಯಿ ಈಗಲೇ ಊರಿನ ಮಕ್ಕಳಿಗೆಲ್ಲ ಹಂಚುವ ಲೆಕ್ಕ ಹಾಕುತ್ತಿದ್ದಾರೆ.

ಕೋಡಿಬಾಗ

ಹೆಗಡೆಕಟ್ಟಾದವರ ಮಾತು ಒಪ್ಪಿದೆ, ನಾನು ಮಂಡಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಡಗಿಗೆ ಒಂದು ಉಪಾಯ. ಅದು ವರ್ಷವಿಡೀ ಟ್ಯಾಂಪಾದ ನೀರಿನಲ್ಲೇ ಕಟ್ಟಿಹಾಕಿರುತ್ತದೆ, ಹಬ್ಬ ಇಲ್ಲದ ದಿನವೂ ಬೇಶೋರ್ ಕಡೆಯಿಂದ ಕಂಬಗಳು ಕಣ್ಣಿಗೆ ಬೀಳುತ್ತವೆ. ವಾರದ ನಡುವೆ ಒಂದು ಸಂಜೆ ಕಾರಿನಲ್ಲಿ ಹೋಗಿ ನೋಡಿಬನ್ನಿ. ಬಾವುಟ, ತೋಪು, ದೋಣಿಗಳ ಹಿಂಡು ಬೇಕೆಂದರೆ ಹಬ್ಬದ ಬೆಳಿಗ್ಗೆ ತಮ್ಮನ ಮನೆಯ ಟಿವಿ. ಸ್ಥಳೀಯ ವಾಹಿನಿ ಹಡಗು ಬರುವುದನ್ನು, ಮೆರವಣಿಗೆಯನ್ನು ನೇರ ತೋರಿಸುತ್ತದೆ. ಅದು ನೋಡಿಯೇ ಊಟ ಮಾಡಿ ಹೊರಟರೂ ಮೂರಕ್ಕೆ ಪೇಟೆ ಮುಟ್ಟುತ್ತೀರಿ.

ಮಣಿಸರದ ವಿಷಯ. ಒಂದು ಮಧ್ಯಾಹ್ನದಲ್ಲಿ ಒಬ್ಬೊಬ್ಬರ ಕೊರಳಲ್ಲಿ ಹಾಲಕ್ಕಿ ಅಜ್ಜಿಯರಷ್ಟು ಸರ ಸೇರುತ್ತದೆ. ವ್ಯತ್ಯಾಸ ಏನೆಂದರೆ ಅವರದ್ದು ಜೀವಮಾನದ ಒಡವೆ, ಇದು ಅಗ್ಗದ ಪ್ಲಾಸ್ಟಿಕ್. ಹೆಕ್ಕಿದ್ದನ್ನು ಬೇಡವೆಂದು ಕಟಾಂಜನದ ಆಚೆ ಎಸೆಯುವವರಿದ್ದಾರೆ. ಹಬ್ಬ ಮುಗಿದ ಮೇಲೆ ಮುಳುಗುಗಾರರು ಕೊಲ್ಲಿಯ ತಳದಿಂದ ಅದನ್ನು ತೆಗೆಯಬೇಕಾಗುತ್ತದೆ, ನೀರಿಗೆ ಮಣಿ ಎಸೆಯಬೇಡಿ ಎಂದು ಊರಿನವರು ಪ್ರತಿ ವರ್ಷ ಕೂಗಿ ಹೇಳುತ್ತಾರೆ. ಮಗಳ ಕೈಗೆ ಒಂದು ಬಟ್ಟೆ ಚೀಲ ಕೊಡಿ, ಬಿದ್ದದ್ದೆಲ್ಲ ಅದಕ್ಕೆ.

ಆಯಿಗೆ ಹೇಳಿ: ಊರಿಗೆ ತರಲು ತೊಂದರೆ ಇಲ್ಲ, ಆದರೆ ತೂಕ ನೋಡಿಕೊಳ್ಳಲಿ. ಹತ್ತಿಪ್ಪತ್ತು ಸರಕ್ಕೆ ಕಿಲೋ ಹತ್ತಿರ ಬರುವ ದಪ್ಪ ಮಣಿಗಳೂ ಇವೆ, ಪೆಟ್ಟಿಗೆಗೆ 23 ಕಿಲೋ ಮಿತಿ. ಸಣ್ಣ ಮಣಿಯವು, ನಾಣ್ಯ ಕೋದವು ಆರಿಸಿಕೊಳ್ಳಿ. ಕ್ರೂಗಳು ತಮ್ಮ ಹೆಸರು ಅಚ್ಚು ಹಾಕಿ ಎಸೆಯುವ ಆ ನಾಣ್ಯಗಳೇ ಅಲ್ಲಿಯವರು ಕೂಡಿಡುವ ವಸ್ತು. ಉಳಿದ ಸರಗಳನ್ನು ಮುಂದಿನ ವರ್ಷಕ್ಕೆ ಮರಳಿ ಬಳಸಲು ತೆಗೆದುಕೊಳ್ಳುವವರಿದ್ದಾರೆ, ತಮ್ಮನಿಗೆ ಒಪ್ಪಿಸಿ ಬನ್ನಿ.

ಅಂಕೋಲಾ_ಅಕ್ಕ

ಮರೆತಿದ್ದೆ. ಹಬ್ಬದ ದಿನ ಜನ ಸೇರಿದಲ್ಲಿ ಫೋನ್ ಹತ್ತುವುದಿಲ್ಲ. ಮಗಳ ಒಳಕಿಸೆಯಲ್ಲಿ ತಮ್ಮನ ನಂಬರ್ ಬರೆದ ಚೀಟಿ ಇಡಿ, ಕೈಮೇಲೂ ಪೆನ್ನಿನಲ್ಲಿ ಬರೆಯಿರಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಕೂತ ಕೂಡಲೇ ಒಂದು ಗುರುತು ತೋರಿಸಿಡಿ. ಗುರುತು ಎಂದರೆ ಕಟ್ಟಡವೋ ಕಂಬವೋ ಆಗಿರಲಿ. ‘ಕೆಂಪು ಮುಂಡಾಸಿನವರ ಹತ್ತಿರ’ ಅಂತ ಹೇಳಬೇಡಿ, ಅಲ್ಲಿ ಎಲ್ಲರದ್ದೂ ಕೆಂಪು ಮುಂಡಾಸೇ.